ಉರುಫ್

ಗಾಂಧಿ ಸರ್ಕಲ್ಲಿನಿಂದ ಒಳಗೆ, ಜೆರಾಕ್ಸ್ ಅಂಗಡಿಯ ಮೆಟ್ಟಿಲ ಮಗ್ಗುಲಲ್ಲಿ
ನನ್ನದೊಂದು ಮಡಚುವ ಟೇಬಲ್ಲು, ಅಂಟಿನ ಬಾಟಲಿ, ಮೂರು ಪೆನ್ನು,
ಬೆನ್ನಿಗೆ ದುರ್ಗದ ಬಂಡೆಗಳ ಕಾವು.
ಇಪ್ಪತ್ತೆರಡು ವರ್ಷ ಪಲ್ಟನ್ನಿನಲ್ಲಿ ಕ್ಲರ್ಕು.
ಬಂದೂಕು ಹಿಡಿದದ್ದು ಕಮ್ಮಿ,
ಟೈಪ್‌ರೈಟರಿನ ರಿಬ್ಬನ್ನು ಬದಲಿಸಿದ್ದೇ ಹೆಚ್ಚು.
ಈಗ ಸೈನಿಕರ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತೇನೆ.
ಒಂದಕ್ಕೆ ಮೂವತ್ತು ರೂಪಾಯಿ. ತಂದೆಯಿಲ್ಲದವರಿಗೆ ಬಿಟ್ಟಿ.

ಇವತ್ತು ಬಂದವಳು ಚಳ್ಳಕೆರೆ ಕಡೆಯ ಹುಡುಗಿ.
ನರ್ಸಿಂಗ್ ಸೀಟು ಸಿಕ್ಕಿದೆ, ಒಂದು ಕಂತು ಕಟ್ಟಿದ್ದಾರೆ,
ಎರಡನೆಯದಕ್ಕೆ ಮಹಾನವಮಿಯವರೆಗೆ ಗಡುವು.
ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ತೆಗೆದಿಟ್ಟಳು:
ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಅಂಕಪಟ್ಟಿ,
ಕೊನೆಗೆ ಅಪ್ಪನ ಕ್ಯಾಂಟೀನ್ ಕಾರ್ಡು.
"ಇದು ಬ್ಯಾಡಮ್ಮ."
"ಇರ್ಲಿ ಸಾರ್, ಎಲ್ಲಾ ತಗಂಡೋಗು ಅಂದೈತೆ ಅಪ್ಪ."

ಅಂಕಪಟ್ಟಿಯಲ್ಲಿ: ಗಾದ್ರಮ್ಮ ಪಿ.
ಡಿಸ್ಚಾರ್ಜ್ ಪುಸ್ತಕದಲ್ಲಿ: ಗಂಧರಾಮ.
ಸಂಬಂಧ: ಮಗ.

"ಯಾರು ಸಾರ್ ಈ ಗಂಧರಾಮ?" ನಕ್ಕಳು.
"ನಮ್ಮವ್ವ ಕೇಳ್ತು,
ಆ ಕಡೆ ಎಲ್ಲಾದ್ರೂ ಇನ್ನೊಂದು ಮನೆ ಮಾಡಿದ್ದೇನು ಅಂತ."

ನನಗೆ ಗೊತ್ತು ಆ ಗಂಧರಾಮ ಹುಟ್ಟಿದ ಕೋಣೆ.
ಬುಖಾರಿ ಒಲೆಯ ಹೊಗೆ, ಬೆರಳು ಕತ್ತರಿಸಿದ ಕೈಗವಸು,
ಹಲ್ಲು ಕಟಕಟ ಎನ್ನುತ್ತಿರುವಾಗಲೇ ಜವಾನ ಹೇಳುತ್ತಾನೆ
ಕೂಸಿನ ಹೆಸರು, ಅವನ ಹಟ್ಟಿಯ ದೈವದ ಹೆಸರು.
ಕ್ಲರ್ಕಿನ ಕಿವಿಯ ಮೇಲೆ ಉಣ್ಣೆಯ ಟೋಪಿ,
ಸಂಜೆಯ ಡಾಕಿಗೆ ಹದಿನೈದೇ ನಿಮಿಷ,
ಕೇಳಿಸಿದ್ದನ್ನು ಕುಟ್ಟುತ್ತಾನೆ.
ಜವಾನ ಓದದೆ ಸಹಿ ಹಾಕುತ್ತಾನೆ, ಸಲ್ಯೂಟ್ ಹೊಡೆಯುತ್ತಾನೆ,
ಮಗಳು ಹುಟ್ಟಿದ ಖುಷಿಗೆ
ನನಗೊಂದು ಜಿಲೇಬಿ.

ಹೌದು, ನಾನೂ ಕುಟ್ಟಿದ್ದೇನೆ.
ಮಣಿಪುರದ, ಮಲಬಾರಿನ, ಗಢವಾಲದ ಕೂಸುಗಳನ್ನು
ನನ್ನ ದುರ್ಗದ ಕಿವಿಯಲ್ಲಿ ಸೋಸಿ.
ಎಲ್ಲೋ ಒಬ್ಬಳು ಈ ಹೊತ್ತು
ನಾನಿಟ್ಟ ಹೆಸರಿನವಳು ತಾನಲ್ಲವೆಂದು,
ಅಲ್ಲ, ತಾನೇ ಎಂದು,
ಯಾವುದೋ ಕೋರ್ಟಿನ ಜಗಲಿಯಲ್ಲಿ ನಿಂತಿರಬೇಕು.

ಛಾಪಾ ಕಾಗದ ತರಿಸಿ ಬರೆದೆ:
ಗಾದ್ರಮ್ಮ ಉರುಫ್ ಗಂಧರಾಮ,
ಈ ಎರಡೂ ಹೆಸರಿನ ವ್ಯಕ್ತಿ ಒಬ್ಬಳೇ, ಆ ಒಬ್ಬಳು ನಾನೇ,
ನಾನು ಮಗನಲ್ಲವೆಂದು ದೇವರ ಮೇಲೆ ಪ್ರಮಾಣ ಮಾಡಿ
"ಯಾವ ದೇವ್ರು ಸಾರ್?"
"ನಿನ್ನ ಹೆಸರೊಳಗೇ ಕೂತೈತಲ್ಲ, ಅದೇ."

ಆಮೇಲೆ ಏಳನೇ ಕಾಲಂ: ಆದ್ಯತೆ.
ಯುದ್ಧದಲ್ಲಿ ಮಡಿದವರ ಮಕ್ಕಳು.
ಕೈಕಾಲು ಕಳಕೊಂಡವರ.
ಸೇವೆಯಲ್ಲಿದ್ದಾಗ ತೀರಿಕೊಂಡವರ. ಪದಕ ಬಂದವರ.
ಪುಟದ ಅಂಚಿಗೆ, ಮಸಿ ಸರಿಯಾಗಿ ಮೂಡದ ಕಡೆ: ಇತರೆ.

ಇತರೆ ಎಂದರೆ ಪಾಲಯ್ಯ.
ಹದಿನೇಳು ವರ್ಷ ಹಿಮದ ತಿರುವುಗಳಲ್ಲಿ ಲಾರಿ ಓಡಿಸಿ
ಒಂದು ಗೀರೂ ಇಲ್ಲದೆ ಊರಿಗೆ ಬಂದವನು.
ಈಗ ಎಣ್ಣೆ ಮಿಲ್ಲಿನ ಗೇಟಿನಲ್ಲಿ ಸೀಟಿ ಊದುತ್ತಾನೆ.

"ಒಂದು ಬೆರಳಾದ್ರೂ ಅಲ್ಲೇ ಬಿಟ್ಟು ಬರ್ಬೇಕಿತ್ತು ಅಂತು ಅಪ್ಪ.
ಅವ್ವ ಮುದ್ದೆ ಕೋಲು ತಗಂಡು ಓಡಿಸ್ಕಂಡು ಹೋತು."
ನಗುತ್ತ ತಿರುಗಿದವಳಿಗೆ ಕಂಡಿತು
ಬೆಂಚಿನ ಮೇಲೆ ಸರದಿಗೆ ಕಾದಿದ್ದ ಹಿರಿಯೂರಿನ ಹುಡುಗ,
ಅವನ ತೊಡೆಯ ಮೇಲಿನ ಕಡತಕ್ಕೆ
ಪಿನ್ನು ಹೊಡೆದ ಫೋಟೋ.
ನಗು ಎಲ್ಲಿಡಬೇಕೋ ತಿಳಿಯದೆ ಚೀಲ ಕೆದಕಿದಳು,
ಶೇಂಗಾ ಉಂಡೆ ಸಿಕ್ಕಿತು, ಅರ್ಧ ಮುರಿದು ಅವನತ್ತ ಚಾಚಿದಳು.
ಅವನು ತಗೊಂಡ.

ಇತರೆಗೆ ಗುರುತು ಹಾಕಿದೆ.
ಎಂಬತ್ತೊಂಬತ್ತು ಪರ್ಸೆಂಟು ಐತೆ, ನೋಡಾನ ಎಂದೆ.
ಬರುತ್ತದೆ ಎನ್ನುವ ಅಧಿಕಾರ ನನ್ನ ಪೆನ್ನಿಗಿಲ್ಲ.

ಮೂವತ್ತು ರೂಪಾಯಿ ಎಣಿಸಿ ಕೊಟ್ಟಳು. ಬೇಡವೆಂದೆ.
ಹೆಸರು ತಪ್ಪಾದವರಿಗೂ ಬಿಟ್ಟಿ.
ಯಾವಾಗಿಂದ? ಇವತ್ತಿಂದ.
"ಎಲ್ರುದೂ ತಪ್ಪೇ ಇರ್ತಾವೆ ಸಾರ್,
ನಿಮಗೇನು ಉಳಿತೈತೆ?"

"ನನ್ದು ಸರಿ ಐತೆ,"
ಎಂದ ಹಿರಿಯೂರಿನ ಹುಡುಗ,
ಕಡತವನ್ನು ನನ್ನ ಕಡೆ ಸರಿಸಿ.