ವೈಗೆ ಎಷ್ಟು ರೊಕ್ಕ

ಲಾಡ್ಲೇಸಾಬ ಪೇಂಟರನ ದರ ಯಾದಗಿರಿಗೆಲ್ಲ ಗೊತ್ತಿತ್ತು:
ಇಂಗ್ಲಿಷಿನ ವ್ಯಂಜನಕ್ಕೆ ಐದು ರೂಪಾಯಿ, ಸ್ವರಕ್ಕೆ ಮೂರು.
'ಸ್ವರ ಅಂದ್ರ ಬರೇ ಉಸರು.
ಉಸರಿಗಿ ಪೂರಾ ರೊಕ್ಕ ತಗೊಂಡ್ರ
ಮ್ಯಾಲಿನವಗ ಏನ್ ಜವಾಬು ಕೊಡ್ಲಿ?'

ಅಪ್ಪನ ಕಿಸೆಯಲ್ಲಿ ಹದಿಮೂರು.
ಇಸ್ತ್ರಿ ಅಂಗಡಿಯ ನೆತ್ತಿಗೆ 'ಡ್ರೈ ಕ್ಲೀನ್' ಬೇಕು.
ಬೆರಳು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.
'ಡ್ರೈ ಅಷ್ಟೇ ಬರಿಯಪಾ ಸಾಬ,
ಕ್ಲೀನ್ ನಾ ಮಾಡ್ತೀನಿ.'

ತಗಡಿನ ಮೇಲೆ ಡಿ ಬಂತು, ತುಂಬು ಬಸುರಿಯ ಹಾಗೆ.
ಆರ್ ಬಂತು, ಒಂದು ಕಾಲು ಮುಂದಿಟ್ಟು.
ಹತ್ತಾಯಿತು.
ವೈ ಹತ್ತಿರ ಕುಂಚ ನಿಂತಿತು.

'ಇದು ಐದರದು' ಅಂದ ಲಾಡ್ಲೇಸಾಬ.
'ಮೂರರದು' ಅಂದ ಅಪ್ಪ,
ಮೂರೇ ಉಳಿದಿದ್ದವು.

ಏಳನೇ ಇಯತ್ತೆಯ ನನ್ನನ್ನು ನಡುವೆ ನಿಲ್ಲಿಸಿದರು,
ಕೈಯಲ್ಲಿ ಗಂಜಿ ಇನ್ನೂ ಅಂಟಂಟು.
'ನೀ ಸಾಲಿ ಕಲ್ತಾಕಿ, ಹೇಳು.'
ಎ, ಇ, ಐ, ಒ, ಯು ಅಂದೆ.
ಪಾಠದಲ್ಲಿ ಅಷ್ಟೇ ಇತ್ತು.
ಅಪ್ಪನ ಮುಖ ಸಣ್ಣದಾಯಿತು.

'ಹಂಗಂದ್ರ ಇದ್ರಾಗ ಸ್ವರನೇ ಇಲ್ಲೇನು?
ಸ್ವರ ಇಲ್ದ ಬಾಯಿ ಹ್ಯಾಂಗ ತೆರೀತದ?'
ಡ್ರೈ, ಡ್ರೈ, ಡ್ರೈ ಎಂದು ನೋಡಿದ.
ಮೂರೂ ಸಲ ಬಾಯಿ ತೆರೆಯಿತು,
ಎಲೆ ಹಾಕಿದ ಕೆಂಪು ನಾಲಿಗೆ ಕಂಡಿತು.

ಪಾಟಿಯ ಮೇಲೆ ಗೀಚಿದೆ: ಸ್ಕೈ, ಫ್ಲೈ, ಕ್ರೈ.
ಆಕಾಶ, ಹಾರುವುದು, ಅಳುವುದು.
ಇಷ್ಟಗಲದ ಕೆಲಸಗಳಲ್ಲಿ ಒಂದು ಹನಿ ಸ್ವರವಿಲ್ಲ;
ತುದಿಗೆ ಇದೇ ವೈ
ಎರಡೂ ಕೈ ಎತ್ತಿ ನಿಂತಿತ್ತು,
ಹಾಜರಿ ಕೂಗಿದರೂ ಯಾವ ಪಟ್ಟಿಯಲ್ಲೂ ಹೆಸರಿಲ್ಲದ ಹುಡುಗನ ಹಾಗೆ.

ಲಾಡ್ಲೇಸಾಬ ನಕ್ಕ. ಶಹಾಬಾದ್ ಕಲ್ಲಿನ ಮೇಲೆ
ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಊರಿನ ಹೆಸರು ಬರೆದ.
'ನೋಡು ಬೇಟಾ, ಯಾದಗೀರ. ಮುಂದ ಈ ಯೇ ಕುಂತದ, ಯ ಆಗಿ.
ನಡುವ ಮತ್ತ ಇದೇ ಯೇ, ಗೀ ಒಳಗ ಈ ಆಗಿ.
ಒಂದೇ ಅಕ್ಷರ, ಎರಡ್ ಮನ್ಯಾಗ ಊಟ.
ಊರೇ ಇದರ ಮ್ಯಾಲ ನಿಂತದ,
ನಾವು ಎರಡ್ ರೂಪಾಯಿಗಿ ಜಗಳಾಡ್ಲಕತ್ತೀವಿ.'

ನನಗೆ ಆಗ ಹೊಳೆದದ್ದು ಹೇಳಲಾಗಲಿಲ್ಲ:
ನಾವೂ ಎಮ್ಮೆ ಎಂದು ಬರೆದು ಯೆಮ್ಮಿ ಅಂತೀವಿ.
ಮನೆ, ಅಲ್ಲಿ, ಎರಡೂ ಮುಖ ತಿರುಗಿಸಿ ನಿಂತರೆ
ನಡುವೆ ಬಂದು ಕೂರುವವನು ಇವನೇ,
ಮನೆಯಲ್ಲಿ.
ಕೂಲಿ ಕೇಳಿದ್ದಿಲ್ಲ.

ಅಷ್ಟರಲ್ಲಿ ಅಪ್ಪ ಹಿತ್ತಲಿಗೆ ಹೋಗಿ
ಬಟ್ಟೆ ಒಣಹಾಕುವ ಹಗ್ಗದ ಕವೆಗೋಲು ಕಿತ್ತು ತಂದ,
ತಗಡಿನ ಪಕ್ಕ ಆನಿಸಿ ನಿಲ್ಲಿಸಿದ.
'ಇದು ನಂದು. ನನ್ನ ಸಾಮಾನಿಗಿ ನಾ ಯಾಕ ರೊಕ್ಕ ಕೊಡ್ಲಿ?'
ಎರಡು ಕವಲು, ಒಂದು ಕಾಲು.
ಓದು ಬಾರದ ಅಪ್ಪ ಆ ದಿನ ಓದಿದ್ದು ಅದೊಂದೇ ಅಕ್ಷರ.
ಹಿಂದೆ ಹಗ್ಗ ಜೋತುಬಿದ್ದು
ತೊಗರಿ ದಲ್ಲಾಳಿ ಶರಣಯ್ಯನ ಧೋತರ
ಮಣ್ಣು ಮುಟ್ಟಿದ್ದನ್ನು ಯಾರೂ ನೋಡಲಿಲ್ಲ.
(ಸಂಜೆ ಅದನ್ನು ಮತ್ತೆ ಒಗೆದವಳು ನಾನು.)

ನಾಲ್ಕಕ್ಕೆ ತೀರ್ಮಾನ. ಮೂರು ನಗದು, ಒಂದು ಬಾಕಿ.
ಲಾಡ್ಲೇಸಾಬ ಸೈಕಲ್ಲಿನಲ್ಲಿ ಹೋಗುವಾಗೆಲ್ಲ
'ವೈ ರೂಪಾಯಿ!' ಎಂದು ಕೂಗುತ್ತಿದ್ದ,
ಅಪ್ಪ ಒಳಗಿನಿಂದ 'ಯಾಕ?' ಅನ್ನುತ್ತಿದ್ದ.
ಅವನಿಗೆ ಗೊತ್ತಿರಲಿಲ್ಲ, ಅದೇ ಉತ್ತರದ ಅರ್ಥವೆಂದು.

ಈಗ ಗುರುಮಠಕಲ್ಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ.
ರಿದಮ್ ಬರೆಯಿರಿ ಎಂದರೆ ಮಕ್ಕಳು
ಎಲ್ಲಿಂದಲೋ ಒಂದು ಐ, ಒಂದು ಎ ತಂದು ತುರುಕುತ್ತವೆ.
ಕೆಂಪು ಪೆನ್ನು ಒಂದು ಗಳಿಗೆ ತಡೆಯುತ್ತದೆ.
ಬಾಯಲ್ಲಿ ಇದ್ದದ್ದನ್ನೇ ತಾನೆ ಬರೆದದ್ದು.

'ಮಿಸ್, ವೈ ಸ್ವರೇನ್ರೀ, ವ್ಯಂಜನೇನ್ರೀ?'
'ನಾಲ್ಕು ರೂಪಾಯಿ' ಅನ್ನುತ್ತೇನೆ.
ಮಕ್ಕಳು ಬರೆದುಕೊಳ್ಳುತ್ತವೆ.