ಕಿಟಕಿಯ ದುಡ್ಡು

ದುರ್ಗಿಗುಡಿಯ ಟ್ರಾವೆಲ್ಸಿನ ಹುಡುಗಿ
ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದಳು:
ಒಳಗಿನ ರೂಮಾ ಆಂಟಿ, ಕಿಟಕಿ ಇರೋದಾ?
ಮುಂಬೈಯಿಂದ ಮೂರು ರಾತ್ರಿ, ಊಟ ಹಡಗಿನದೇ,
ಕಿಟಕಿಗೆ ಮಾತ್ರ ತಲೆಗೆ ಐದೂವರೆ ಸಾವಿರ ಜಾಸ್ತಿ.

ಇವರು ನನ್ನ ಮುಖ ನೋಡಿದರು.
ಎರಡು ವರ್ಷದ ಲೆಕ್ಕದಲ್ಲಿ
ಕಿಟಕಿಯನ್ನು ನಾವು ಬರೆದೇ ಇರಲಿಲ್ಲ.

ಬರೆದದ್ದು ಇಂಥವು, ಎಲ್‌ಐಸಿ ಡೈರಿಯ ಹಿಂದಿನ ಪುಟಗಳಲ್ಲಿ:
ಕುಕ್ಕರು ಎರಡು ಕೂಗಿಗೆ ಇಳಿಸಿ ಹಳೇ ರಗ್ಗು ಹೊದಿಸಿದ್ದು,
ಬೇಳೆ ತನ್ನ ಬಿಸಿಯಲ್ಲೇ ತಾನು ಬೆಂದದ್ದು.
ಒಂದು ದಿನ ಬೇಯಲಿಲ್ಲ. ಅದನ್ನೂ ತಿಂದದ್ದು.
ಗಾಂಧಿ ಬಜಾರಿನಲ್ಲಿ ರಾತ್ರಿ ಎಂಟೂವರೆ ಮೇಲೆ
ಗೋಣಿ ಮಡಚುವವಳ ಮುಂದೆ ಸುಮ್ಮನೆ ನಿಂತರೆ
ಹತ್ತು ರೂಪಾಯಿಗೆ ಬಾಡಿದ ಬೀನ್ಸು, ಗುಡ್ಡೆ ಲೆಕ್ಕ.
ಫೋನು ಒಂದು ರಿಂಗಾದರೆ ಹೊರಟೆ ಅಂತ,
ಎರಡಾದರೆ ಹಾಲು ತಾ ಅಂತ.
ಮೂರಕ್ಕೆ ಅರ್ಥ ಇಟ್ಟಿರಲಿಲ್ಲ.
ಒಂದು ಮಧ್ಯಾಹ್ನ ಮೂರು ರಿಂಗಾಯಿತು,
ಆಟೋ ಕಾಂಪ್ಲೆಕ್ಸಿನವರೆಗೆ ಚಪ್ಪಲಿ ಇಲ್ಲದೆ ಓಡಿದೆ.
ಬೆರಳು ತಪ್ಪಿತ್ತಂತೆ.

ಬೈಟು ಕಾಫಿ: ಬಿಟ್ಟೆ ಅಂದರು ಇವರು. ಬಿಟ್ಟಿರಲಿಲ್ಲ.
ದಾದಾಪೀರನ ಅರ್ಧದಲ್ಲಿ ಅರ್ಧ ಕುಡಿಯುತ್ತಿದ್ದರು.

ಮುಯ್ಯಿ: ದೊಡ್ಡಪ್ಪನ ಮೊಮ್ಮಗಳ ಮದುವೆಯಲ್ಲಿ
ಐನೂರು ಇಡಬೇಕಾದ ಕವರಿಗೆ ಇನ್ನೂರು ಇಟ್ಟು
ಹೆಸರನ್ನು ಸ್ವಲ್ಪ ಕಲಸಿ ಬರೆದೆ.
ಆ ಮುನ್ನೂರು ಡೈರಿಯಲ್ಲಿದೆ. ಬಾಬ್ತು ಬರೆದಿಲ್ಲ.

ಹನಿ ಹನಿ ಗೂಡಿದರೆ ಹಳ್ಳ ಅಂತಾರೆ.
ಸಮುದ್ರಕ್ಕೆ ಎಷ್ಟು ಹನಿ ಅಂತ
ಯಾರೂ ಹೇಳಿಟ್ಟು ಹೋಗಿಲ್ಲ.

ಹಡಗಿನ ಹುಚ್ಚು ಮೊದಲು ಹತ್ತಿದ್ದು ಇವರಿಗೆ.
ಕಾರಿಗೆ ಬಣ್ಣ ಹೊಡೆಯುವ ಕೈ,
ಡಬ್ಬಿಯ ಮೇಲೆ ಸಮುದ್ರದ ನೀಲಿ ಅಂತ ಬರೆದಿರುತ್ತದೆ,
ಇಪ್ಪತ್ತೆಂಟು ವರ್ಷ ಕಲಸಿದ್ದೀನಿ, ಸರಿಯಿದೆಯೋ ಇಲ್ಲವೋ
ಒಮ್ಮೆ ಮಧ್ಯಕ್ಕೇ ಹೋಗಿ ನೋಡಬೇಕು ಅಂದಿದ್ದರು.
ಮುರುಡೇಶ್ವರದಲ್ಲಿ ನೋಡಿದೆವಲ್ಲ ಅಂದರೆ
ಅದು ಬರೀ ಅಂಚು ಕಣೇ.

ಈಗ ಅವರೇ ಮೆಲ್ಲಗೆ,
ಒಳಗಿನದೇ ಸಾಕು, ಕಣ್ಣು ಮುಚ್ಚಿದ ಮೇಲೆ ಕಿಟಕಿ ಯಾಕೆ?

ನಾನು ಹತ್ತೊಂಬತ್ತು ವರ್ಷ
ಟಾಕೀಸಿನ ಸೆಕೆಂಡ್ ಕ್ಲಾಸ್ ಕೌಂಟರಿನಲ್ಲಿ ಕೂತವಳು.
ಗೋಡೆಗೊಂದು ತೂತು, ಮೊಣಕೈವರೆಗೆ ತೂರುವಷ್ಟು.
ಮುಖ ಕಾಣದು, ಬರೀ ಕೈ:
ಹಿಟ್ಟಿನ ಕೈ, ಗ್ರೀಸಿನ ಕೈ, ಮದರಂಗಿ ಆರದ ಕೈ,
ಒಂದು ನೋಟಿಗೆ ನಾಲ್ಕು ಕೈ ಒಟ್ಟಿಗೆ.
ಉಗುರಿನ ಸಂದಿಯಲ್ಲಿ ನೀಲಿ ಇದ್ದ ಕೈಯೊಂದು
ಅದೇ ಸಿನಿಮಾಕ್ಕೆ ಐದು ಗುರುವಾರ ಬಂತು.
ಆರನೆಯದಕ್ಕೆ ನಾನು ಚಿಲ್ಲರೆ ಕೊಡುವುದು ತಡಮಾಡಿದೆ.
ಲೆಕ್ಕ ಒಪ್ಪಿಸಿ ಹೊರಗೆ ಬರುವಾಗ ಇಂಟರ್‌ವಲ್ ಆಗಿರುತ್ತಿತ್ತು.
ನಾನು ನೋಡಿದ ಯಾವ ಸಿನಿಮಾಕ್ಕೂ ಮೊದಲರ್ಧವಿಲ್ಲ.
ಹೀರೋ ಯಾಕೆ ಅಳುತ್ತಾನೆ ಅಂತ ಪಕ್ಕದವರನ್ನು ಕೇಳಬೇಕು.

ಇದನ್ನೆಲ್ಲ ಆ ಹುಡುಗಿಗೆ ಹೇಳಲಾಗುತ್ತದೆಯೇ?
ಕಿಟಕಿಯದೇ ಅಂದೆ. ಈ ವರ್ಷ ಬೇಡ,
ಮುಂದಿನ ವರ್ಷಕ್ಕೆ ಬರೆದುಕೊಳ್ಳಮ್ಮ.
ಈಗ ಕಣ್ಣೆತ್ತಿದಳು.

ಬಸ್ ಸ್ಟಾಪಿನಲ್ಲಿ ಗೋಪಾಳದ ಪ್ರೈವೇಟು ಬಂತು, ಖಾಲಿ.
ನಾನು ಅಲ್ಲಾಡಲಿಲ್ಲ.
ಸರ್ಕಾರಿ ಬಸ್ಸಿಗೆ ಹೆಂಗಸರಿಗೆ ಟಿಕೆಟ್ಟಿಲ್ಲ,
ಉಳಿದರೆ ಹದಿನೈದು ರೂಪಾಯಿ, ಕಾದರೆ ಮುಕ್ಕಾಲು ಗಂಟೆ.
ನೀವು ಹೋಗಿ ಅಂದೆ.
ಇವರಿಗೆ ಎರಡರಲ್ಲೂ ದುಡ್ಡು ಕೊಟ್ಟೇ ಹತ್ತಬೇಕು.

ಎರಡನೇ ಪ್ರೈವೇಟೂ ಹೋಯಿತು.
ಇವರು ಜೇಬಿನಿಂದ ಪೆನ್ನು ತೆಗೆದು
ಅಂಗೈ ಮೇಲೆ ಹನ್ನೊಂದು ಸಾವಿರ ಅಂತ ಬರೆದು,
ಅದರಿಂದ ಹದಿನೈದು ಕಳೆದು,
ಕೈ ಚಾಚಿ ತೋರಿಸಿದರು.