ಎರಡು ಶೀಶೆ

ಚಿಂತಾಮಣಿಯ ಆಸ್ಪತ್ರೆಯ ಹಿಂದೆ, ಶವಾಗಾರಕ್ಕೂ ಆಚೆ
ನನ್ನ ಕೆಲಸ:
ಯಾರಿಗೂ ಬೇಡವಾದ ನೀರನ್ನು ಕಾಯುವುದು.

ಮೊದಲು ಜಾಲರಿ. ಹತ್ತಿ, ಕೂದಲು,
ಒಮ್ಮೆ ಒಂದು ಕಾಲುಂಗುರ.
ಆಮೇಲೆ ಗಾಳಿ ಊದುವ ತೊಟ್ಟಿ,
ಒಲೆಯಿಲ್ಲದೆ ಕುದಿಯುವ ಸಾರಿನ ಹಾಗೆ ಹಗಲೂ ರಾತ್ರಿ.
ಕಣ್ಣಿಗೆ ಕಾಣದ ಹುಳುಗಳ ಪಂಕ್ತಿ ಅಲ್ಲಿ;
ಜ್ವರದ ಮಾತ್ರೆ ಅವಕ್ಕೆ ಮುದ್ದೆಯಷ್ಟೇ ಸಲೀಸು,
ಅಗಿಯುವುದೂ ಇಲ್ಲ.

ಉಳಿದದ್ದು ಜೊಂಡಿನ ಪಾತಿಗೆ.
ನೆಟ್ಟವನು ಪಿಳ್ಳಾಂಜಿನಪ್ಪ, ನೀರಗಂಟಿಗಳ ಮನೆಯವನು,
ಕೆರೆಯ ತೂಬು ಎತ್ತುತ್ತಿದ್ದ ತಾತನ ಕೈ ಅವನದು.
"ನೀರಿಗೆ ಅವಸರ ಮಾಡಬ್ಯಾಡ ಕಣಮ್ಮ,
ಬೇರು ಒಸಿ ಮಾತಾಡಿಸ್ಲಿ."
ನಾಲ್ಕು ದಿನ ಮಾತಾಡಿಸುತ್ತದೆ, ಜಲ್ಲಿಯ ಕತ್ತಲಲ್ಲಿ.
ಮಂಡಿನೋವಿನ ಮಾತ್ರೆಯನ್ನು
ಕೊನೆಯ ಹೊಂಡದಲ್ಲಿ ಬಿಸಿಲೇ ಸೀಳುತ್ತದೆ.

ಒಂದನ್ನು ಬಿಟ್ಟು.

ಲ್ಯಾಬಿನ ಕಾಗದದಲ್ಲಿ ಪ್ರತಿ ಸಲ ಅದೇ ಹೆಸರು:
ಕಾರ್ಬಮಜೆಪಿನ್.
ಒಳಗೆ ಬಂದದ್ದೆಷ್ಟೋ ಹೊರಗೆ ಹೋದದ್ದೂ ಹೆಚ್ಚುಕಡಿಮೆ ಅಷ್ಟೇ.
ಹುಳು ಮೂಸಿ ಬಿಟ್ಟಿತು, ಬೇರು ದಾರಿ ಬಿಟ್ಟಿತು,
ಬಿಸಿಲು ನೋಡಿ ಸುಮ್ಮನಾಯಿತು.

ಆ ಹೆಸರು ನನಗೆ ಏಳನೇ ಕ್ಲಾಸಿನಿಂದ ಬಾಯಿಪಾಠ.
ತಮ್ಮ ಗಂಗುಲುಗೆ ಮೂರ್ಛೆ.
ಬೆಳಿಗ್ಗೆ ಒಂದು, ರಾತ್ರಿ ಒಂದು, ಅಂಬಲಿಯ ಜೊತೆ.
ತಪ್ಪಿದ ದಿನ ನೆಲ ಅವನನ್ನು ಎಳೆದುಕೊಳ್ಳುತ್ತಿತ್ತು,
ಬೀದಿಯವರು ಓಡಿಬಂದು ಅಂಗೈಗೆ ಬೀಗದಕೈ ತುರುಕುತ್ತಿದ್ದರು;
ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ.
ಹತ್ತೊಂಬತ್ತಕ್ಕೆ ಹೋದ.
ಕುಂಟೆಯಲ್ಲಿ, ಒಬ್ಬನೇ ಇದ್ದಾಗ,
ಮಂಡಿಯುದ್ದದ ನೀರು.

ಉಳಿದ ಇಪ್ಪತ್ತೆರಡು ಮಾತ್ರೆ
ಅಮ್ಮ ಒಂದೊಂದೇ ಒತ್ತಿ ತೆಗೆದು ಬಚ್ಚಲಿಗೆ ಹಾಕಿದಳು.
ಮೇಲೆ ಒಂದು ಚೊಂಬು ನೀರು ಹೊಯ್ದವಳು ನಾನು.

ಇದ್ದಿಲಿನ ತೊಟ್ಟಿ ಕಟ್ಟಿಸಿದರೆ ಹಿಡಿದೀತು, ಎಂದರು ಇಂಜಿನಿಯರ್.
ಅರ್ಜಿ ಬರೆದಿದ್ದೇನೆ, ಮೂರನೇ ಸಲ.
ಕೆಳಗೆ ಹಿಪ್ಪುನೇರಳೆ ತೋಟ, ಅದರ ಕೆಳಗೆ ಯಾರದೋ ಬಾವಿ.

ಆದರೂ ಒಂದು ವಾರ
ಕಾಗದದಲ್ಲಿ ಎರಡೂ ಕಡೆ ಸೊನ್ನೆ ಇತ್ತು.
ಪಿಳ್ಳಾಂಜಿನಪ್ಪ ಬೀಡಿ ಹಚ್ಚಿ ನಕ್ಕ. ನನಗೆ ಅನ್ನ ಇಳಿಯಲಿಲ್ಲ.
ಔಷಧಿ ಕೌಂಟರಿಗೆ ಹೋಗಿ ಕೇಳಿದೆ:
ಮೂರ್ಛೆ ಮಾತ್ರೆ ಸ್ಟಾಕು ಮುಗಿದು ಹತ್ತು ದಿನ.
ಊರ ಯಾವ ಯಾವ ಮನೆಯಲ್ಲಿ
ಯಾರು ಗಡಿಯಾರ ನೋಡುತ್ತ ಕೂತಿದ್ದರೋ.

ಅದಕ್ಕೇ ಎರಡು ಶೀಶೆ ತುಂಬುತ್ತೇನೆ,
ಚೀಟಿ ಅಂಟಿಸಿ, ತಾರೀಖು ಬರೆದು:
ಒಳಬಾಯಿ, ಹೊರಬಾಯಿ.
ಇದರಲ್ಲಿ ಇರಲಿ.
ಅದರಲ್ಲಿ ಬೇಡ.